ಟಪಾಲು ದೋಣಿ ಮತ್ತು ಒಂದು ಸರಪಳಿ

ಫೆಬ್ರವರಿಯ ಬೆಳಗು, ಆರೂವರೆ. ಪಿಕ್ಟನ್ ಬಂದರಿನ ನೀರು ಇನ್ನೂ ಕಪ್ಪಾಗಿಯೇ ಇದೆ. ಬೆಳಗಿನ ನಮಾಜು ಮುಗಿಸಿ ಬಂದ ಗಫೂರ್ ಅವರು ದೋಣಿಯಲ್ಲಿ ಮೊಣಕಾಲೂರಿ ಕೂತು ಟಪಾಲು ಚೀಲಗಳನ್ನು ಜೋಡಿಸುತ್ತಿದ್ದಾರೆ. ಮೊದಲು ಇಳಿಸುವುದು ಮೇಲೆ, ಕೊನೆಗೆ ಇಳಿಸುವುದು ಅಡಿಯಲ್ಲಿ. ಪಕ್ಕದಲ್ಲಿ ಬ್ರೆಡ್ಡಿನ ಪೆಟ್ಟಿಗೆ, ಎರಡು ಗ್ಯಾಸ್ ಸಿಲಿಂಡರು, ಯಾರೋ ರಿಪೇರಿಗೆ ಕೊಟ್ಟಿದ್ದ ಕನ್ನಡಕ, ಮನೆಯಲ್ಲೇ ಕೂತು ಅಂಚೆಯ ಮೂಲಕ ಓದುವ ಮಕ್ಕಳ ಪುಸ್ತಕಗಳು. ಜೇಬಿನಲ್ಲಿ ಬಿಸ್ಕತ್ತು.

"ಹನ್ನೊಂದು ಜೆಟ್ಟಿ, ಒಂಬತ್ತು ನಾಯಿ," ಎನ್ನುತ್ತಾರೆ, ದೋಣಿ ನಿಲ್ಲುವ ಕಟ್ಟೆಗಳನ್ನು ಲೆಕ್ಕ ಹಾಕುತ್ತ. "ಮನಷ್ಯಾರ ಹೆಸರು ಮರೆತರ ಅವರು ನಕ್ಕು ಬಿಡ್ತಾರ. ನಾಯಿ ಹೆಸರು ಮರೆತರ ದೋಣಿಯಿಂದ ಕೆಳಗ ಇಳಿಗೊಡಂಗಿಲ್ರಿ."

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಉತ್ತರ ತುದಿಯಲ್ಲಿ ಸಮುದ್ರವು ಬೆಟ್ಟಗಳ ನಡುವೆ ಬಹುದೂರ ಒಳಗೆ ಹೊಕ್ಕು ನಿಂತಿದೆ. ಈ ಕೊಲ್ಲಿಗಳನ್ನು ಇಲ್ಲಿಯವರು ಸೌಂಡ್ಸ್ ಎನ್ನುತ್ತಾರೆ. ದಡದಲ್ಲಿ ಅಲ್ಲೊಂದು ಇಲ್ಲೊಂದು ಮನೆ. ಹಲವು ಮನೆಗಳಿಗೆ ರಸ್ತೆಯೇ ಇಲ್ಲ. ವಾರಕ್ಕೆ ಮೂರು ಸಲ ಹೋಗುವ ಟಪಾಲು ದೋಣಿಯೇ ಅವರಿಗೆ ಅಂಚೆ, ಅಂಗಡಿ, ಸುದ್ದಿ ಎಲ್ಲವೂ. ಅದೇ ದೋಣಿಯಲ್ಲಿ ದಿನದ ಪ್ರವಾಸಕ್ಕೆಂದು ಮೂವತ್ತು ಜನ ಬರುತ್ತಾರೆ. ಅವರಿಗೆ ಡಾಲ್ಫಿನ್ ತೋರಿಸುವುದು, ಊರುಗಳ ಕಥೆ ಹೇಳುವುದು, ಚಹಾ ಕೊಡುವುದು, ಜೆಟ್ಟಿ ಬಂದಾಗ ಹಗ್ಗ ಎಸೆದು ದೋಣಿ ಕಟ್ಟುವುದು, ಸಂಜೆ ಎಲ್ಲವನ್ನೂ ತೊಳೆಯುವುದು, ಇವೆಲ್ಲ ಗಫೂರ್ ಒಬ್ಬರದೇ ಕೆಲಸ. ದೋಣಿ ನಡೆಸುವುದಷ್ಟೇ ಕ್ಯಾಪ್ಟನ್‌ನದು.

ಇವರು ಸವಣೂರಿನವರು. ಹುಬ್ಬಳ್ಳಿಯಲ್ಲಿ ಡೀಸೆಲ್ ಎಂಜಿನ್ ರಿಪೇರಿ ಮಾಡುತ್ತಿದ್ದರು. ಹೆಂಡತಿ ಜಹಾನಾರಾ ಅವರಿಗೆ ಇಲ್ಲಿನ ವೃದ್ಧಾಶ್ರಮವೊಂದರಲ್ಲಿ ನರ್ಸ್ ಕೆಲಸ ಸಿಕ್ಕಾಗ, ಎರಡು ಸಾವಿರದ ಇಸವಿಯಲ್ಲಿ, ಜೊತೆಗೆ ಬಂದರು. ಎರಡು ವರ್ಷ ದೋಣಿ ತೊಳೆದರು. ಓಡುವ ದೋಣಿಯಲ್ಲಿ ಕೆಲಸ ಕೊಡಬೇಕಾದರೆ ಈಜು ಬರಲೇಬೇಕು ಎಂದರಂತೆ ಮಾಲೀಕರು. "ಸಣ್ಣ ಹುಡುಗರ ಕ್ಲಾಸಿನ್ಯಾಗ ಹೆಸರು ಹಚ್ಚೀನ್ರಿ. ನನಗ ಮೂವತ್ತೆಂಟು, ಬಾಜೂ ನಿಂತಾಕಿಗೆ ಆರು. ಆಕಿ ನನಗ 'ಹೆದರಬ್ಯಾಡ ಅಂಕಲ್' ಅಂತಿದ್ಲು."

ದೋಣಿಯಲ್ಲಿ ಇಂದು ಉತ್ತರ ದ್ವೀಪದ ಪಾಮರ್ಸ್ಟನ್ ನಾರ್ತ್‌ನಿಂದ ಬಂದ ಕಾತ್ಯಾಯಿನಿಯಮ್ಮ ಇದ್ದಾರೆ. ಧಾರವಾಡದವರು, ಎಪ್ಪತ್ತೊಂದು ವರ್ಷ. ಜೊತೆಗೆ ಬಂದಿರುವ ಮಗ ವಾಸುದೇವ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧಕ. ತಾಯಿಯ ಮಡಿಲಿನಲ್ಲಿ ಬಿಳಿ ಬಟ್ಟೆ ಕಟ್ಟಿದ ಮಣ್ಣಿನ ಗಡಿಗೆ. ಅದರಲ್ಲಿ, ಮಗನ ಮನೆಗೆ ಬಂದಲ್ಲಿ ತೀರಿಕೊಂಡ ಯಜಮಾನ ದತ್ತಾತ್ರೇಯರ ಅಸ್ಥಿ ಇದೆ. ಎರಡು ಸಲ ಬಂದು ಗಾಳಿಯ ಕಾರಣ ಹಿಂದಿರುಗಿದ್ದಾರೆ. ನಾಡಿದ್ದು ಕಾತ್ಯಾಯಿನಿಯಮ್ಮನವರು ಊರಿಗೆ ವಿಮಾನ ಹತ್ತಬೇಕು. ಯಜಮಾನರನ್ನು ಇಲ್ಲಿಯ ನೀರಿಗೆ ಒಪ್ಪಿಸಿಯೇ ಹೋಗಬೇಕೆಂಬುದು ಅವರ ಹಟ. "ಮೊಮ್ಮಗಳು ಇಲ್ಲೇ ಇರತಾಳ. ಅಜ್ಜ ಆಕಿ ಕಡೆ ಇರಲಿ," ಎನ್ನುತ್ತಾರೆ.

ಅಸ್ಥಿ ಬಿಡಲು ಬಂದವರನ್ನು ಕರೆದೊಯ್ಯುವ ಈ ಕೆಲಸ ಗಫೂರ್ ಅವರಿಗೆ ಹೇಗೆ ಬಂತೆಂಬುದನ್ನು ಅವರೇ ಹೇಳಬೇಕು. ಹೇಳುವಾಗ ದನಿ ತಗ್ಗುತ್ತದೆ.

"ನಾಕು ವರ್ಷದ ಹಿಂದ, ನಮ್ಮ ಕಡೇದೇ ಒಂದು ಕುಟುಂಬ. ಊಟಕ್ಕ ಅಂತ ಮೆರೆ ಆಂಟಿ ಜೆಟ್ಟಿಗೆ ದೋಣಿ ಕಟ್ಟಿದ್ವಿ. ನೀರು ತಿಳಿ ಐತಿ, ಯಾರೂ ಇಲ್ಲ, ಇಲ್ಲೇ ಬಿಡ್ತೀವಿ ಅಂದ್ರು. ಪುಣ್ಯದ ಕೆಲಸ ಅಂತ ಗಡಿಗಿ ತೊಳ್ಯಾಕ ಬಕೆಟ್ ಕೊಟ್ಟವ ನಾನೇ. ಬೂದಿ, ಕುಂಕುಮ, ಹೂವಿನ ಹಾರ ಎಲ್ಲಾ ಅಲ್ಲೇ ಹಾಕಿದ್ರು. ನೀರು ಕೆಂಪಾತು."

ಆ ನೀರಿನ ಕೆಳಗೆ ಮಸಲ್ ಎಂಬ ಹಸಿರು ಚಿಪ್ಪಿನ ಜೀವಿಗಳಿವೆ. ಆ ಕೊಲ್ಲಿಯ ಮೂಲನಿವಾಸಿಗಳಾದ ಮಾವೊರಿ ಜನ ತಲೆತಲಾಂತರದಿಂದ ಅವನ್ನು ಆರಿಸಿ ತಿನ್ನುವವರು. ಊಟದ ಜಾಗಕ್ಕೆ ಸತ್ತವರ ಅಂಶ ತಾಗಬಾರದೆಂಬುದು ಅವರ ಮಡಿ. ಅವರಲ್ಲೊಬ್ಬಳು, ಎಪ್ಪತ್ತು ದಾಟಿದ ಮೆರೆ, ಎಲ್ಲವನ್ನೂ ತನ್ನ ಮನೆಯ ಕಿಟಕಿಯಿಂದ ನೋಡಿದ್ದಳು. ಮುಂದಿನ ಸಲ ದೋಣಿ ಹೋದಾಗ ಜೆಟ್ಟಿಗೆ ಅಡ್ಡಲಾಗಿ ಸರಪಳಿ ಬಿದ್ದಿತ್ತು.

"ಟಪಾಲು ಹೊರಗಿನ ಕಂಬಕ್ಕ ಕಟ್ಟಿ, 'ಆಂಟಿ, ತಪ್ಪಾತು' ಅಂತ ಒದರಿ ಬರ್ತಿದ್ದೆ. ಮೂರು ವಾರ. ನಾಕನೇ ವಾರ ಹೊರಗ ಬಂದ್ಲು. 'ಗಫೂರ್, ನಿಮ್ಮ ಮನ್ಯಾಗ ಸಾರಿನ ಬೋಗೋಣ್ಯಾಗ ಸತ್ತವರ ಬೂದಿ ಹಾಕ್ತೀರೇನು?' ಅಂದ್ಲು. ನಾ ಜೆಟ್ಟಿ ಮ್ಯಾಲ ಕುಂತು ಅತ್ತೀನ್ರಿ."

ಆಮೇಲೆ ಮೆರೆಯೇ ತನ್ನ ಹಿರಿಯರನ್ನು ಕೂಡಿಸಿದಳು. ಕೊಲ್ಲಿಯ ಬಾಯಿಂದಾಚೆ, ಭೂಶಿರ ದಾಟಿದ ಮೇಲೆ, ಇಳಿತದ ನೀರು ಹೊರಗೆ ಹರಿಯುವಾಗ ಮಾತ್ರ ಬಿಡಬಹುದೆಂದು ಒಂದು ಜಾಗ ತೋರಿಸಿದರು. ಕುಂಕುಮ ಬೇಡ, ದಾರದ ಹಾರ ಬೇಡ, ಬಿಡಿ ಎಸಳು ಸಾಕು. ಅಂದಿನಿಂದ ಇಂದಿನವರೆಗೆ ಹದಿನಾಲ್ಕು ಮನೆಯವರು ಅಲ್ಲಿಗೆ ಹೋಗಿಬಂದಿದ್ದಾರೆ. ಹೋದ ವರ್ಷ ನನ್ನ ಮನೆಯವಳನ್ನು ಒಪ್ಪಿಸಿ ಬಂದದ್ದೂ ಅಲ್ಲಿಯೇ. ಅಂದು ಗಫೂರ್ ಅವರಿಗೆ ಧನ್ಯವಾದವನ್ನೂ ಹೇಳದೆ ಹೋಗಿದ್ದೆ; ಅದಕ್ಕೇ ಇಂದು ಮತ್ತೆ ಇದೇ ದೋಣಿ ಹತ್ತಿದ್ದೇನೆ.

ಹನ್ನೊಂದು ಗಂಟೆಗೆ ದೋಣಿ ಕೊಲ್ಲಿಯ ಬಾಯಿ ಮುಟ್ಟುತ್ತದೆ. ಹೊರಗೆ ಅಲೆಗಳು ಬೆಳ್ಳಗೆ ಒಡೆಯುತ್ತಿವೆ. ಕ್ಯಾಪ್ಟನ್ ತಲೆಯಾಡಿಸಿ ದೋಣಿ ತಿರುಗಿಸುತ್ತಾನೆ. ಕಾತ್ಯಾಯಿನಿಯಮ್ಮ ಗಡಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾರೆ.

"ಗಫೂರ್ ಅಂಕಲ್, ಇಲ್ಲೇ ಬಿಟ್ಟುಬಿಡೋಣ," ಎನ್ನುತ್ತಾನೆ ವಾಸುದೇವ್. "ಯಾರು ನೋಡ್ತಾರ? ಅಮ್ಮಂದು ನಾಡಿದ್ದು ಫ್ಲೈಟ್ ಅದ."

"ಇಲ್ಲಿ ಬ್ಯಾಡ್ರಿ ಸರ್. ಕೆಳಗ ಊಟ ಬೆಳಿಯೋ ಜಾಗ ಐತಿ. ಬೇಕಾದ್ರ ನನಗ ಬೈರಿ, ಬೈಸ್ಕೋತೀನಿ."

ಮಗನ ಮುಖ ಕೆಂಪೇರುತ್ತದೆ. ತಾಯಿ ಅವನ ತೋಳು ಮುಟ್ಟುತ್ತಾರೆ. "ಇರಲಿ ವಾಸೂ. ನಿಮ್ಮಪ್ಪನವರಿಗೆ ಕಾಯೋದು ರೂಢಿ ಅದ. ನಲವತ್ತೆಂಟು ವರ್ಷ, ನಾ ಸೀರಿ ಉಟ್ಟು ಬರೋ ತನಕ ಬಾಗಲದಾಗ ನಿಂತವರು."

ಗಫೂರ್ ಕ್ಯಾಪ್ಟನ್ ಬಳಿ ಹೋಗಿ ಏನೋ ಮಾತನಾಡುತ್ತಾರೆ. ಮಧ್ಯಾಹ್ನ ಎರಡಕ್ಕೆ ಗಾಳಿ ಇಳಿಯಬಹುದು, ಆಗ ಇಳಿತವೂ ಇರುತ್ತದೆ. ಒಳಗಿನ ಜೆಟ್ಟಿಗಳಲ್ಲಿ ನಾಲ್ಕನ್ನು ಈಗಲೇ ಮುಗಿಸಿ ಮತ್ತೆ ಇಲ್ಲಿಗೆ ಬಂದರೆ ಆಗಬಹುದು. ಹಾಗೆ ಮಾಡಿದರೆ ಉಳಿದ ಮನೆಗಳ ಟಪಾಲು ತಡವಾಗುತ್ತದೆ, ಪ್ರವಾಸಿಗರ ಊಟವೂ ತಡ. ಪ್ರವಾಸಿಗರಿಗೆ ಸಂಗತಿ ತಿಳಿಸಿದಾಗ ಜರ್ಮನಿಯ ಮುದುಕರೊಬ್ಬರು ಎದ್ದು ನಿಂತು, ತಮಗೇನೂ ಅವಸರವಿಲ್ಲ ಎನ್ನುತ್ತಾರೆ. ಬೇರೆ ಯಾರೂ ಅಡ್ಡಿ ಹೇಳುವುದಿಲ್ಲ. ಗಫೂರ್ ರೇಡಿಯೋ ಹಿಡಿದು ಮನೆಮನೆಗೆ ತಿಳಿಸುತ್ತಾರೆ. ಒಂದು ಮನೆಯಿಂದ ಹೆಂಗಸೊಬ್ಬಳ ದನಿ: ಬ್ರೆಡ್ ಬರದಿದ್ದರೆ ಮನೆಯಲ್ಲೇ ಹಿಟ್ಟು ಕಲಸಿ ಸ್ಕೋನ್ ಸುಟ್ಟುಕೊಳ್ಳುತ್ತೇವೆ ಗಫೂರ್, ನೀನು ಅವರನ್ನು ನಿಧಾನವಾಗಿ ಕರೆದುಕೊಂಡು ಹೋಗು.

ಎರಡೂಕಾಲು ಗಂಟೆಗೆ ಸಮುದ್ರ ತಣ್ಣಗಾಗಿದೆ. ಭೂಶಿರ ದಾಟಿ ದೋಣಿ ಎಂಜಿನ್ ನಿಲ್ಲಿಸುತ್ತದೆ. ಮಗ ಮಂತ್ರ ಹೇಳುತ್ತ ನಡುವೆ ತಡವರಿಸುತ್ತಾನೆ, ತಾಯಿ ಮುಂದಿನ ಸಾಲು ಎತ್ತಿಕೊಡುತ್ತಾರೆ. ಗಡಿಗೆ ಹಿಡಿದು ತಾಯಿ ಬಾಗಿದಾಗ ಅವರ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಗಫೂರ್ ಹಿಂದಿನಿಂದ ಎರಡೂ ಕೈಯಿಂದ ಹಿಡಿದಿದ್ದಾರೆ. ಬೂದಿ ನೀರಿನ ಮೇಲೆ ಒಂದು ಕ್ಷಣ ನಿಂತು, ನಿಧಾನವಾಗಿ ಹೊರಗೆ, ದೊಡ್ಡ ಸಮುದ್ರದ ಕಡೆಗೆ ಸಾಗುತ್ತದೆ. ಹಿಂದೆ ನಾಲ್ಕು ಎಸಳು. ಭಗವಂತ ದೊಡ್ಡವನು.

ಮೂರು ಗಂಟೆಗೆ ಮೆರೆಯ ಜೆಟ್ಟಿ. ಅವಳು ಸಿಹಿನೀರು ತುಂಬಿದ ಬಕೆಟ್ ಇಟ್ಟುಕೊಂಡು ಕಾಯುತ್ತಿದ್ದಾಳೆ. ಸತ್ತವರನ್ನು ಕಳಿಸಿ ಬಂದವರು ಕೈ ತೊಳೆಯದೆ ಮನೆಗೆ ಕಾಲಿಡಬಾರದು. ಅವರಲ್ಲೂ ಹೀಗೆಯೇ, ನಮ್ಮಲ್ಲೂ ಹೀಗೆಯೇ. ಮೆರೆ ತಂಬಿಗೆಯಲ್ಲಿ ನೀರು ಹುಯ್ಯುತ್ತಾಳೆ, ಕಾತ್ಯಾಯಿನಿಯಮ್ಮ ಕೈ ಒಡ್ಡುತ್ತಾರೆ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆಮೇಲೆ ಇಬ್ಬರೂ ಬಹಳ ಹೊತ್ತು ಕೈ ಬಿಡುವುದಿಲ್ಲ.

ಹೊರಡುವ ಮುಂಚೆ ನಾನು ಗಫೂರ್ ಅವರನ್ನು, ನಿಮಗೇನು ಆಸೆ ಎಂದು ಕೇಳುತ್ತೇನೆ. ಅವರು ಹಗ್ಗ ಬಿಚ್ಚುವುದನ್ನು ನಿಲ್ಲಿಸಿ ಜೆಟ್ಟಿಯ ಪಕ್ಕದ ಮೆರೆಯ ದೋಣಿಮನೆಯ ಗೋಡೆಯತ್ತ ಬೆರಳು ಮಾಡುತ್ತಾರೆ. ಅಲ್ಲಿ ಒಂದು ಮೊಳೆಗೆ, ಅಂದು ಜೆಟ್ಟಿಗೆ ಅಡ್ಡ ಹಾಕಿದ್ದ ಹಳೆಯ ಸರಪಳಿ ತೂಗುಬಿದ್ದಿದೆ.

"ಆಂಟಿ ಅದನ್ನ ಒಗೆದಿಲ್ರಿ, ಇಟ್ಟಾಳ. ಇಡಲಿ, ಆಕಿ ಜೆಟ್ಟಿ. ಬಂದಾಗೊಮ್ಮೆ ನಾ ಮೊದಲು ಅದನ್ನ ನೋಡ್ತೀನಿ. ಪ್ರತಿ ಸಲ ಸ್ವಲ್ಪ ಹೆಚ್ಚು ತುಕ್ಕು ಹಿಡಿದಿರತೈತಿ. ಹಂಗ ಅಲ್ಲೇ ತೂಗಿಕೋಂತ ಪೂರಾ ತುಕ್ಕು ಹಿಡೀಲಿ, ಅಷ್ಟರಿ ನನ್ನ ಆಸೆ."