ಅಳಿಸಿದ್ದು ನಾನೇ

ಹುಬ್ಬಳ್ಳಿಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕಲಿಸುತ್ತೇನೆ. ನನ್ನ ಬಾಯಿ ಜೋರು. ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡಿ ಕೆಲಸ ಮಾಡುವುದನ್ನು ಹೇಳಿಕೊಡುವಾಗ ಬೈದು ಬೈದು ಒಂದೇ ಮಾತು ತಲೆಗೆ ತುಂಬುತ್ತೇನೆ: "ಏನರ ಅಳಸೂಕಿಂತ ಮೊದಲ pwd ಅಂತ ಹೊಡೀರಿ. ಯಾವ ಫೋಲ್ಡರಿನ್ಯಾಗ ಇದ್ದೀರಿ ಅಂತ ಅದು ಹೇಳತದ."

ಒಂದು ವರ್ಷ ಪ್ರಾಜೆಕ್ಟ್ ಪರೀಕ್ಷೆಯ ಹಿಂದಿನ ದಿನ ಹಳೆಯ ಬ್ಯಾಚಿನ ಫೈಲುಗಳನ್ನು ತೆಗೆಯಲು ಕುಳಿತೆ. ಊಟದ ಬಿಡುವು ಮುಗಿಯುತ್ತ ಬಂದಿತ್ತು. ಯಾರೋ ಕಪ್ಪು ಪರದೆ ತೆರೆದಿಟ್ಟೇ ಹೋಗಿದ್ದರು. ಹಳೆಯ ಫೋಲ್ಡರೇ ಇರಬೇಕು ಎಂದುಕೊಂಡು ಎಲ್ಲವನ್ನೂ ಅಳಿಸುವ ಆಜ್ಞೆ ಕೊಟ್ಟೆ. ಆಮೇಲೆ pwd ಹೊಡೆದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಪರದೆಯ ಮೇಲೆ ಬಂದ ಸಾಲಿನ ಕೊನೆಗೆ ಆ ವರ್ಷದ ಒಬ್ಬ ಹುಡುಗಿಯ ರೋಲ್ ನಂಬರ್ ಇತ್ತು. ಹೀಗೆ ಅಳಿಸಿದ್ದು ಮತ್ತೆ ಸಿಗುವುದಿಲ್ಲ.

ಹುಡುಗಿ ಹತ್ತಿರದ ಸುಳ್ಳ ಎಂಬ ಹಳ್ಳಿಯಿಂದ ದಿನಾ ಬಸ್ಸು ಹಿಡಿದು ಬರುತ್ತಿದ್ದಳು. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ನಾಲ್ಕು ತಿಂಗಳ ಕೆಲಸವೆಲ್ಲ ಆ ಫೋಲ್ಡರಿನಲ್ಲೇ ಇತ್ತು, ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಮರುದಿನ ಖಾಲಿ ಫೋಲ್ಡರ್ ನೋಡಿ ಉಳಿದ ಫೋಲ್ಡರುಗಳನ್ನೆಲ್ಲ ಒಂದೊಂದಾಗಿ ತೆರೆದು ಹುಡುಕಿದಳು. ಆಮೇಲೆ ನನ್ನ ಹತ್ತಿರ ಬಂದು, "ನಂದ ತಪ್ಪರಿ ಮೇಡಂ. ನಿನ್ನೆ ಮಧ್ಯಾಹ್ನ ಊರಿಗೆ ಹೋಗೂಕಿಂತ ಮೊದಲ ಬ್ಯಾಡಾದ ಫೈಲ್ ಅಳಸಾಕ ಹೋಗಿದ್ದೆ. ಎಲ್ಲಿದ್ದೇನಿ ಅಂತ ನೋಡ್ಲಿಲ್ಲ ಅನಸ್ತೈತ್ರಿ," ಎಂದಳು.

ಆಗ ಹೇಳಬೇಕಿತ್ತು. ಪಕ್ಕದಲ್ಲಿ ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ಕುಳಿತಿದ್ದರು. ಅವರ ಮುಂದೆ ಮರ್ಯಾದೆ ಹೋಗುತ್ತದೆಂದು ಹೆದರಿದೆ. ನನ್ನ ಬಾಯಿಂದ ಬಂದದ್ದು ಇಷ್ಟೇ: "ನೂರು ಸಲ ಹೇಳಿದ್ನಲ್ಲ ನಿಂಗ?"

ಆ ನನ್ನ ದನಿ ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ. ಅವಳು ಆ ಸಲ ಫೇಲಾದಳು. ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ಅವಳ ಒಂದು ವರ್ಷ ಹೋಯಿತು.

ಈಗ ಅವಳು ನವನಗರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಾಳೆ. ಹೋದ ತಿಂಗಳು ನನ್ನನ್ನು ಅಲ್ಲಿಗೆ ಕರೆದಳು. ನಿಜ ಹೇಳಿಬಿಡಬೇಕೆಂದೇ ಹೋದೆ. ನನ್ನನ್ನು ಮಕ್ಕಳ ಮುಂದೆ ಕುರ್ಚಿಯಲ್ಲಿ ಕೂಡಿಸಿ, ಒಂದಿಷ್ಟೂ ಮುಚ್ಚಿಡದೆ ತನ್ನ ಕಥೆ ಹೇಳಿದಳು. "ಮೇಡಮ್ಮರು ಬಡ್ಕೊಂಡ ಹೇಳಿದ್ರು. ನಾ ಕೇಳ್ಲಿಲ್ಲ. ನನ್ನ ಕೈಯಾರೆ ಒಂದ ವರ್ಷ ಹಾಳ ಮಾಡ್ಕೊಂಡೆ. ನೀವ ಹಂಗ ಮಾಡಬ್ಯಾಡ್ರಿ."

ಮಕ್ಕಳೆಲ್ಲ ಎದ್ದು ನನಗೆ ಕೈಮುಗಿದರು. ನಾನೂ ಮುಗಿದೆ. ಅವಳು ಕೊಟ್ಟ ಚಹಾ ಕುಡಿದು ಮನೆಗೆ ಬಂದೆ.