ಬಾಗಿಲು ತೆರೆದಿಟ್ಟ ಅಬ್ರೆಹೆತ್

ಅಬ್ರೆಹೆತ್‌ಳನ್ನು ನಾನು ಮೊದಲು ನೋಡಿದ ದಿನ ಅವಳು ಕುರ್ಚಿಯ ಮೇಲೆ ನಿಂತು ಟವೆಲ್ ಬೀಸುತ್ತಿದ್ದಳು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನನ್ನ ಮಗನ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಆಚೆ ಹೊಗೆಯ ಅಲಾರಾಂ ಕೂಗಿಕೊಂಡಾಗ ಬೆಂಕಿ ಬಿತ್ತೆಂದು ಓಡಿಹೋದೆ. ನೋಡಿದರೆ ಕಾಫಿ ಬೀಜ ಹುರಿದ ಹೊಗೆ. ಸುತ್ತ ಕುಳಿತ ಹತ್ತಾರು ಜನ ಬಾಯಿಗೆ ಕೈ ಅಡ್ಡ ಹಿಡಿದು ಸದ್ದಿಲ್ಲದೆ ನಗುತ್ತಿದ್ದರು. ನನ್ನನ್ನೂ ಕೂರಿಸಿದರು.

ಆ ಸದ್ದಿಲ್ಲದ ನಗು ಯಾಕೆಂದು ನಿಧಾನವಾಗಿ ತಿಳಿಯಿತು. ನಮ್ಮಿಬ್ಬರದೂ ಹರಕು ಇಂಗ್ಲಿಷ್. ಅವಳ ಮಾತನ್ನು ನನ್ನ ಮಾತಿನಲ್ಲೇ ಬರೆಯುತ್ತೇನೆ.

ಅವಳ ದೇಶ ಆಫ್ರಿಕದ ಎರಿಟ್ರಿಯ. ಅಲ್ಲಿ ಸರಕಾರ ತಾನೊಪ್ಪದ ಪಂಗಡಗಳ ಚರ್ಚುಗಳಿಗೆ ಬೀಗ ಹಾಕಿತ್ತು. ಅಂಥದೊಂದು ಪಂಗಡದ ಇವರು ಕಾಫಿಯ ನೆಪದಲ್ಲಿ ಅವಳ ಮನೆಯಲ್ಲಿ ಸೇರುತ್ತಿದ್ದರು. ಅವರಲ್ಲಿ ಕಾಫಿಯೆಂದರೆ ಮೂರು ಸುತ್ತು. ನೆರೆಯವರು ಅಷ್ಟು ಹೊತ್ತು ಕೂತರೂ ಅನುಮಾನ ಬಾರದು. ಸುತ್ತುಗಳ ನಡುವೆ ಪಿಸುದನಿಯ ಪ್ರಾರ್ಥನೆ. ಆದರೂ ಯಾರೋ ಪೊಲೀಸರಿಗೆ ಸುಳಿವು ಕೊಟ್ಟರು. ಅವಳನ್ನೂ ಅವಳ ತಮ್ಮನನ್ನೂ ಸರಕು ಸಾಗಿಸುವ ಕಬ್ಬಿಣದ ಕಂಟೇನರುಗಳಲ್ಲಿ ಕೂಡಿಹಾಕಿದರು. ಅವಳು ಬಿಡುಗಡೆಯಾಗಿ ಗಡಿ ದಾಟಿ ಬಂದಳು. ತಮ್ಮ ಸೆರೆಯಲ್ಲೇ ಉಳಿದ. ಇಲ್ಲಿಯೂ ಪ್ರತಿ ಭಾನುವಾರ ಅವಳ ದೇಶದವರು ಕಾಫಿಗೂ ಪ್ರಾರ್ಥನೆಗೂ ಅವಳ ಮನೆಯಲ್ಲಿ ಸೇರುತ್ತಿದ್ದರು, ದನಿ ತಗ್ಗಿಸುವ ರೂಢಿ ಮಾತ್ರ ಬಿಟ್ಟಿರಲಿಲ್ಲ.

ಒಮ್ಮೆ ನನ್ನ ಕೊರಳಿನ ಲಿಂಗದ ಕರಡಿಗೆ ಏನೆಂದು ಕೇಳಿದಳು.

"ನಮ್ಮ ದೇವರು ಎದಿ ಮ್ಯಾಲ ಇರ್ತಾನವ್ವಾ. ಗುಡಿಗೆ ಬೀಗ ಹಾಕಿದ್ರ ನಮಗೇನು?" ಎಂದೆ.

"ನಮ್ಮಲ್ಲಿ ಎದೀನೂ ತಡಕ್ತಾರ, ನೀಲಮ್ಮಾ," ಎಂದು ನಕ್ಕಳು.

ಒಂದು ಭಾನುವಾರ ಅವಳ ದೇಶದವನೇ ಒಬ್ಬ, ಅಲ್ಲಿನ ಸರಕಾರದ ಕಡೆಯವನಂತೆ, ಒಳ್ಳೆಯ ಕೋಟು ತೊಟ್ಟವನು, ಗೇಟಿನ ಬಳಿ ನಿಂತು ಬಂದವರ ಫೋಟೊ ತೆಗೆಯತೊಡಗಿದ. ಈ ಕೂಟ ನಿಲ್ಲಿಸು, ಇಲ್ಲವಾದರೆ ನಿನ್ನ ತಮ್ಮನಿಗೆ ತೊಂದರೆಯಾದೀತು ಎಂದು ಮೆಲ್ಲಗೆ ಹೇಳಿದನಂತೆ. ಬಂದವರೆಲ್ಲ ತಲೆ ತಗ್ಗಿಸಿ ಹೊರಟುಹೋದರು.

ಅಬ್ರೆಹೆತ್ ಒಲೆಯನ್ನು ಹೊಸ್ತಿಲಿಗೇ ತಂದಳು. ಬಾಗಿಲು ಪೂರ್ತಿ ತೆರೆದು, ಬೀದಿಗೆ ಮುಖ ಮಾಡಿ ಬೀಜ ಹುರಿಯುತ್ತ ಗಟ್ಟಿಯಾಗಿ ಹಾಡಿದಳು. ಅವಳ ನಿಜವಾದ ದನಿ ನಾನು ಕೇಳಿದ್ದು ಅಂದೇ. ಒರಟು ದನಿ, ರಾಗ ಸರಿಯಿರಲಿಲ್ಲ. ಮೊದಲ ಲೋಟ ಹಿಡಿದು ಅವನನ್ನೇ ಕರೆದಳು. ಅವನು ಬರಲಿಲ್ಲ. ನಾನು ಕುಡಿದೆ.

ತಮ್ಮನ ಗತಿ ಏನೆಂದು ಅವಳನ್ನು ಕೇಳದಿರಲು ನನ್ನಿಂದಾಗಲಿಲ್ಲ. ಬಿಡುಗಡೆಯಾದ ಒಬ್ಬನ ಕೈಲಿ ತಮ್ಮ ಹೇಳಿಕಳಿಸಿದ್ದನಂತೆ: "ನನ್ನ ಹೆಸರು ಹೇಳಿ ಬಾಯಿ ಮುಚ್ಚಬ್ಯಾಡ, ಅಕ್ಕಾ." ಅದನ್ನು ಹೇಳುವಾಗಲೂ ಅವಳು ಹುರಿಯುವುದನ್ನು ಬಿಡಲಿಲ್ಲ.

ಮುಂದಿನ ವಾರ ಇಬ್ಬರು ಬಂದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಕೋಟಿನವನೂ ಆಗಾಗ ಬಂದು ನಿಲ್ಲುತ್ತಿದ್ದ. ಚಳಿಯಲ್ಲೂ ಬಾಗಿಲು ತೆರೆದೇ ಇರುತ್ತಿತ್ತು. ನಾನು ಶಾಲು ಹೊದ್ದು ಹೋಗುತ್ತಿದ್ದೆ.

ಈ ಜನವರಿಯಲ್ಲಿ ಅವಳ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಗೆ ಹೋಗುವಾಗ ಮನೆಯ ಕೀಲಿಯನ್ನು ನನಗೆ ಕೊಟ್ಟಳು. ಭಾನುವಾರ ಬೆಳಿಗ್ಗೆ ನೋಡಲು ಹೋದೆ. ಉಸಿರು ಎಳೆಯುವುದೇ ಕಷ್ಟವಾಗಿತ್ತು. ಕೈ ಹಿಡಿದು ಕುಳಿತೆ. ಮೂಗಿನ ಮೇಲಿನ ಮಾಸ್ಕ್ ತಾನೇ ಸರಿಸಿ ನನ್ನನ್ನು ದಿಟ್ಟಿಸಿದಳು.

"ನೀ ಇಲ್ಲಿ ಕುಂತರ ಅಲ್ಲಿ ಬಾಗಲಾ ಯಾರು ತಗೀತಾರ?"