ಕಲ್ಲಿಗೆ ಉಜ್ಜಿದ ಹೆಲ್ಮೆಟ್

ಭಾವ ಸತ್ತ ಮೂರನೇ ದಿನ ನಮ್ಮ ದೊಡ್ಡಪ್ಪ ಹೊಸೂರಿಗೆ ಹೋಗಿ ಹೊಸ ಹೆಲ್ಮೆಟ್ ಒಂದನ್ನು ತಂದರು. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಅದನ್ನು ಬೋರಲು ಹಾಕಿ ಗರಗರ ಉಜ್ಜತೊಡಗಿದರು. ಕಪ್ಪು ಬಣ್ಣ ಕಿತ್ತು ಬಿಳಿ ಗೀರುಗಳೆದ್ದವು. ಇದೇನು ಮಾಡ್ತಿದ್ದೀಯ ಎಂದು ಕೇಳಿದೆ.

"ಬಿದ್ದಾಗ ತಲೇಲಿತ್ತು ಅಂತ ತೋರ್ಸಕ್ಕೆ ಕಣಮ್ಮ. ನಾಳೆ ಇಚಾರ್ಣೇಲಿ ಸಾಹೇಬ್ರು ಮೊದ್ಲು ಕೇಳೋದೇ ಅದ್ನ."

ನನ್ನ ಮೈ ಉರಿದುಹೋಯಿತು.

ನಡೆದದ್ದು ಇಷ್ಟು. ಅಂದು ಬೆಳಿಗ್ಗೆ ಭಾವ ಸೂಳಗಿರಿ ಮಂಡಿಗೆ ಕೊತ್ತಂಬರಿ ಸೊಪ್ಪು ಹಾಕಿ ಬೈಕಿನಲ್ಲಿ ವಾಪಸ್ ಬರುತ್ತಿದ್ದರು. ಹಿಂದೆ ಅಕ್ಕ ಕೂತಿದ್ದಳು. ತಿರುವಿನಲ್ಲಿ ಪೊಲೀಸರು ಗಾಡಿ ತಪಾಸಣೆಗೆ ನಿಂತಿದ್ದರು. ಹೆಲ್ಮೆಟ್ ಇಲ್ಲವಲ್ಲ ಎಂದು ಭಾವ ಬೈಕನ್ನು ಬಂದ ದಾರಿಗೇ ತಿರುಗಿಸಿದರು. ಒಬ್ಬ ಪೊಲೀಸ್ ಹಿಂದೆ ಓಡಿಬಂದು ಲಾಠಿ ಬೀಸಿ ಎಸೆದ. ಅದು ಭಾವನ ಕಿವಿಯ ಹಿಂದೆ ಬಿತ್ತು. ಬೈಕು ಮಗುಚಿತು. ಅಕ್ಕನ ಮೊಣಕೈ ತರಚಿತು. ಭಾವ ಏಳಲೇ ಇಲ್ಲ.

ಸಾವಿನ ಮನೆಗೆ ಬಂದವರು ಲಾಠಿಯ ಬಗ್ಗೆ ಕೇಳಲಿಲ್ಲ. ಕುಡಿದಿದ್ನಾ, ಲೈಸೆನ್ಸ್ ಇತ್ತಾ, ಸುಮ್ನೆ ನಿಲ್ಸಬೋದಾಗಿತ್ತಲ್ಲ ಎಂದು ಕೇಳಿದರು. ಒಬ್ಬರಂತೂ ಹೆಲ್ಮೆಟ್ ಇದ್ದಿದ್ದರೆ ಲಾಠಿ ಏಟು ತಾಗುತ್ತಿರಲಿಲ್ಲ ಎಂದೂ ಹೇಳಿ ಕಾಫಿ ಕುಡಿದು ಹೋದರು. ನಾನೂ ಮೂರು ದಿನ ಅವರಿಗೆಲ್ಲ ಉತ್ತರ ಕೊಟ್ಟೆ. ಕುಡಿಯುತ್ತಿರಲಿಲ್ಲ, ಲೈಸೆನ್ಸ್ ಇತ್ತು ಎಂದೆ. ಆ ಕಲ್ಲಿನ ಮುಂದೆ ನಿಂತಾಗ ನನಗೇ ನಾಚಿಕೆಯಾಯಿತು. ಹಾಗಾದರೆ ಕುಡಿದವನನ್ನು, ಲೈಸೆನ್ಸ್ ಇಲ್ಲದವನನ್ನು ಹೊಡೆದು ಕೊಂದರೆ ಸರಿ ಎಂದು ನಾನೇ ಒಪ್ಪಿಕೊಂಡಂತಾಗಿತ್ತು.

ಭಾವ ಪೊಲೀಸರ ಮೇಲೆಯೇ ಬೈಕು ನುಗ್ಗಿಸಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ತನ್ನ ಜೀವ, ಪಕ್ಕದವರ ಜೀವ ಉಳಿಸಲು ಯಾರೇ ಆದರೂ ಕೈ ಎತ್ತುತ್ತಾರೆ, ಪೊಲೀಸರೂ ಮನುಷ್ಯರೇ. ಆದರೆ ಭಾವ ಬೆನ್ನು ತೋರಿಸಿ ಹೋಗುತ್ತಿದ್ದರು. ಇವರಿಂದ ಯಾರ ಜೀವಕ್ಕೆ ಅಪಾಯವಿತ್ತು? ನಂಬರ್ ಪ್ಲೇಟ್ ಕಣ್ಣಿಗೆ ರಾಚುವ ಹಾಗಿತ್ತು. ಅದನ್ನು ಬರೆದುಕೊಂಡು ಮನೆಗೇ ದಂಡದ ಚೀಟಿ ಕಳಿಸಬಹುದಿತ್ತು. ನಾನು ಕೆಲಸ ಮಾಡುವ ಫ್ಯಾಕ್ಟರಿಯಲ್ಲಿ ಓಡುವ ಮೆಷಿನ್ನಿಗೆ ಸ್ಪ್ಯಾನರ್ ಎಸೆದರೆ ಅಂದೇ ಮನೆಗೆ ಕಳಿಸುತ್ತಾರೆ. ಇಲ್ಲಿ ಓಡುವ ಬೈಕಿನ ಮೇಲೆ ಇಬ್ಬರು ಮನುಷ್ಯರಿದ್ದರು.

"ದೊಡ್ಡಪ್ಪ, ಇದನ್ನ ತಗೊಂಡೋದ್ರೆ, ಹೆಲ್ಮೆಟ್ ಇಲ್ದೋರ್ನ ಸಾಯಿಸ್ಬೋದು ಅಂತ ನಾವೇ ಬರ್ಕೊಟ್ಟಂಗೆ" ಎಂದೆ.

"ನಿನ್ ನ್ಯಾಯಾನ ಫ್ಯಾಕ್ಟ್ರೀಲಿ ಇಟ್ಕೊ. ಹೆಲ್ಮೆಟ್ ಇರ್ಲಿಲ್ಲ ಅಂದ್ರೆ ಕೇಸು ಅಲ್ಲೇ ಮುಗಿಸ್ಬುಡ್ತಾರೆ."

ಹೆಲ್ಮೆಟ್ಟಿನ ಪುಡಿಯನ್ನು ಹೆಗಲ ಟವೆಲಿನಿಂದ ಒರೆಸಿ ಅದನ್ನು ಅಕ್ಕನ ಚೀಲಕ್ಕೆ ತುರುಕಿದರು. ಅವರ ಮೇಲಿನ ನನ್ನ ಸಿಟ್ಟು ಹೆಚ್ಚು ಹೊತ್ತು ಉಳಿಯಲಿಲ್ಲ. ಈ ವಯಸ್ಸಿನಲ್ಲಿ ಅವರನ್ನು ಸುಳ್ಳು ಸಾಕ್ಷಿ ತಯಾರಿಸಲು ಕೂರಿಸಿದವರ ಮೇಲೆ ಉರಿಯಿತು. ಅಕ್ಕ ಇಬ್ಬರ ಮಾತನ್ನೂ ಕೇಳಿಸಿಕೊಂಡು ಚೀಲದ ಬಾಯಿ ಕಟ್ಟಿದಳು.

ಮರುದಿನ ಕಚೇರಿಯಲ್ಲಿ ಅಧಿಕಾರಿ ಮೊದಲು ಕೇಳಿದ್ದು ಅದನ್ನೇ, ಹಾಕಿದ್ದರಾ ಎಂದು, ನಮ್ಮ ಕಡೆಯ ಕಚೇರಿ ಮಾತಾದ ತಮಿಳಿನಲ್ಲಿ. "ಹೆಲ್ಮೆಟ್ ಪೋಟ್ಟಿರುಂದಾರಾ?"

ಅಕ್ಕ ತೊಡೆಯ ಮೇಲಿದ್ದ ಚೀಲವನ್ನು ನೆಲಕ್ಕಿಟ್ಟಳು. "ಪೋಡಲೆ ಸಾರ್" ಎಂದಳು. ಹಾಕಿರಲಿಲ್ಲ. ದೊಡ್ಡಪ್ಪ ತಲೆ ತಗ್ಗಿಸಿದರು. ಅವಳು ಅದೇ ತಮಿಳಿನಲ್ಲಿ ಮೆಲ್ಲಗೆ ಕೇಳಿದಳು: "ಹಾಕದೇ ಇದ್ದದ್ದಕ್ಕೆ ಸಾಯಿಸಬಹುದಾ ಸಾರ್?"

ಅಧಿಕಾರಿ ಗುಮಾಸ್ತನಿಗೆ ಸನ್ನೆ ಮಾಡಿದರು. ಗುಮಾಸ್ತ ಟೈಪ್ ಮಾಡಿದ ಹಾಳೆಯನ್ನು, ಒಂದು ಪೆನ್ನನ್ನು ಮುಂದಿಟ್ಟ. ನಾನು ಓದಿದೆ. ಹೆಲ್ಮೆಟ್ ಧರಿಸಿರಲಿಲ್ಲ ಎಂದಿತ್ತು. ಅಕ್ಕ ಕೇಳಿದ್ದು ಇರಲಿಲ್ಲ. ಅದನ್ನೂ ಬರೆಯಿರಿ ಎಂದೆ.

"ನೀವು ಹೇಳಿದ್ದನ್ನ ಬರೀತೀವಮ್ಮ, ಕೇಳಿದ್ದನ್ನಲ್ಲ" ಎಂದ ಗುಮಾಸ್ತ.

ಅಕ್ಕ ಪೆನ್ನು ಮುಟ್ಟಲಿಲ್ಲ. "ಹಾಗಾದರೆ ಹೇಳ್ತೀನಿ" ಎಂದಳು. "ಹೆಲ್ಮೆಟ್ ಇರಲಿಲ್ಲ. ಲಾಠಿಯಲ್ಲಿ ಸಾಯಿಸಿದರು. ಎರಡನ್ನೂ ಬರೆದುಕೊಳ್ಳಿ."